ಹಾಲಿನ ಚೀಟಿ: ದರ ಹಾಕುವವರು ಯಾರು?

ಬೆಳಗಿನ ಆರು ಗಂಟೆ. ಇನ್ನೂ ಮಬ್ಬುಗತ್ತಲು. ಡೇರಿಯ ಮುಂದೆ ಸಾಲು ನಿಂತಿದೆ. ಕೈಯಲ್ಲಿ ಕ್ಯಾನು, ತಲೆ ಮೇಲೆ ಸೆರಗು. ಒಬ್ಬೊಬ್ಬರೇ ಮುಂದೆ ಹೋಗುತ್ತಾರೆ. ಹಾಲು ಸುರಿಯುತ್ತಾರೆ. ಮೇಜಿನ ಮೇಲಿನ ಯಂತ್ರ ಕಿರ್ರ್ ಅನ್ನುತ್ತದೆ. ಒಂದು ಸಣ್ಣ ಚೀಟಿ ಹೊರಗೆ ಬರುತ್ತದೆ. ಅದನ್ನು ಮಡಿಸಿ ಸೊಂಟಕ್ಕೆ ಸಿಕ್ಕಿಸಿಕೊಂಡು ಮನೆಗೆ ಹೊರಡುತ್ತಾರೆ. ಒಲೆ ಕಾಯುತ್ತಿದೆ. ಮಕ್ಕಳು ಸ್ಕೂಲಿಗೆ ಹೊರಡಬೇಕು. ಚೀಟಿ ನೋಡಲು ಪುರುಸೊತ್ತು ಯಾರಿಗಿದೆ?

ಅಕ್ಕಂದಿರೇ, ನಿಮ್ಮ ಊರಲ್ಲೂ ಹೀಗೇ ಅಲ್ಲವೇ?

ನಾವು ತುಮಕೂರು ಕಡೆಯ ಒಂದು ಊರಿಗೆ ಹೋಗಿದ್ದೆವು. ಅಲ್ಲಿ ಹೆಂಗಸರದೇ ಹಾಲಿನ ಸಂಘ ಇದೆ. ಹಾಲು ಹಾಕುವವರು ಹೆಂಗಸರು. ಅಧ್ಯಕ್ಷೆ ಹೆಂಗಸು. ಸೆಕ್ರೆಟರಿಯೂ ಹೆಂಗಸು. ಅದು 2025ರ ಏಪ್ರಿಲ್ ತಿಂಗಳು. ಏಪ್ರಿಲ್ 1ರಿಂದ ನಂದಿನಿ ಹಾಲಿನ ಮಾರಾಟದ ದರ ಲೀಟರಿಗೆ 4 ರೂಪಾಯಿ ಏರಿತ್ತು. ಏರಿದ ದುಡ್ಡು ಹಾಲು ಹಾಕುವವರಿಗೇ ಹೋಗಬೇಕು ಎಂದು ಸರ್ಕಾರ ಹೇಳಿತ್ತು. ಎಲ್ಲರೂ ಟೀವಿಯಲ್ಲಿ ಕೇಳಿದ್ದರು. ಎಲ್ಲರಿಗೂ ಖುಷಿ.

ಆದರೆ 47ನೇ ನಂಬರಿನ ಅಕ್ಕನ ಮುಖದಲ್ಲಿ ಖುಷಿ ಇರಲಿಲ್ಲ. 47 ಅನ್ನುವುದು ಸಂಘದಲ್ಲಿ ಆಕೆಯ ಸಂಖ್ಯೆ. ಡೇರಿಯಲ್ಲಿ ಎಲ್ಲರಿಗೂ ಒಂದೊಂದು ಸಂಖ್ಯೆ ಇರುತ್ತದಲ್ಲ, ಹಾಗೆ. ನಾವೂ ಆಕೆಯನ್ನು ಹಾಗೇ ಕರೆಯೋಣ.

"ಎಲ್ಲಿ ಏರಿದೆ ನಾಕು ರೂಪಾಯಿ? ನಂಗೇನೂ ಕಾಣ್ತಾ ಇಲ್ವಲ್ಲ" ಅಂದರು ಆಕೆ.

"ಹಾಲು ತೆಳ್ಳಗಾಗಿರಬೇಕು ಕಣಕ್ಕ. ಬೇಸಿಗೆ ಅಲ್ವಾ" ಅಂದರು ಪಕ್ಕದವರು.

"ಕಂಪ್ಯೂಟರ್ ತಪ್ಪು ಮಾಡಲ್ಲ ಬಿಡಕ್ಕ" ಅಂದರು ಸೆಕ್ರೆಟರಿ.

ಯಾರು ಹೇಳಿದ್ದು ಸರಿ? ಅದನ್ನು ತಿಳಿಯಬೇಕಾದರೆ ಮೊದಲು ಚೀಟಿ ಓದಬೇಕು. ಕಂಪ್ಯೂಟರ್ ಹಾಲಿಗೆ ದರ ಹೇಗೆ ಹಾಕುತ್ತದೆ ಅಂತ ತಿಳಿಯಬೇಕು. ಬನ್ನಿ, ನೋಡೋಣ.

ಚೀಟಿ ಓದೋಣ

ಡೇರಿಯ ಚೀಟಿ ಸುಮಾರಾಗಿ ಹೀಗಿರುತ್ತದೆ:

ದಿನಾಂಕ ಮತ್ತು ಹೊತ್ತು — ಬೆಳಿಗ್ಗೆ
ಸಂಖ್ಯೆ — 47
ಹಾಲು — ಹಸು
ಲೀಟರ್ — 5.00
ಫ್ಯಾಟ್ — 3.8
ಎಸ್.ಎನ್.ಎಫ್. — 8.4
ದರ — 34.55
ಮೊತ್ತ — 172.75

ಇದು ಲೆಕ್ಕ ಕಲಿಯಲು ನಾವೇ ಬರೆದ ಚೀಟಿ. ನಿಮ್ಮ ಡೇರಿಯ ಅಂಕಿಗಳು ಬೇರೆ ಇರುತ್ತವೆ. ಸಾಲುಗಳು ಮಾತ್ರ ಹೆಚ್ಚು ಕಡಿಮೆ ಇವೇ.

ಮೊದಲ ಮೂರು ಸಾಲು ಸುಲಭ. ಯಾವ ದಿನ, ಯಾರು, ಯಾವ ಹಾಲು. ಸುಲಭ ಅಂತ ಬಿಡಬೇಡಿ. 47ರ ಬದಲು 74 ಒತ್ತಿದರೆ ನಿಮ್ಮ ಹಾಲಿನ ದುಡ್ಡು ಬೇರೆಯವರ ಲೆಕ್ಕಕ್ಕೆ ಹೋಗುತ್ತದೆ. ಎಮ್ಮೆ ಹಾಲಿಗೆ ಹಸು ಅಂತ ಒತ್ತಿದರೆ ದರವೇ ಬೇರೆ ಆಗುತ್ತದೆ. ಎಮ್ಮೆ ಹಾಲಿನ ಚಾರ್ಟು ಬೇರೆ, ಹಸು ಹಾಲಿನ ಚಾರ್ಟು ಬೇರೆ.

ನಾಲ್ಕನೇ ಸಾಲು ಲೀಟರ್. ಇಲ್ಲಿ ಬಹಳ ಜನಕ್ಕೆ ಅನುಮಾನ ಬರುತ್ತದೆ. ತಕ್ಕಡಿ 5.15 ಅಂತ ತೋರಿಸುತ್ತದೆ. ಚೀಟಿಯಲ್ಲಿ 5.00 ಅಂತ ಬರುತ್ತದೆ. "ನೋಡಿದ್ರಾ, ಹದಿನೈದು ಹೊಡೆದುಬಿಟ್ರು!" ಅನ್ನಿಸುತ್ತದೆ. ಹಾಗಲ್ಲ. ತಕ್ಕಡಿ ತೋರಿಸುವುದು ಕಿಲೋ. ಚೀಟಿಯಲ್ಲಿ ಇರುವುದು ಲೀಟರ್. ಹಾಲು ನೀರಿಗಿಂತ ಸ್ವಲ್ಪ ಭಾರ. ಒಂದು ಲೀಟರ್ ನೀರು ಒಂದು ಕಿಲೋ ತೂಗಿದರೆ, ಒಂದು ಲೀಟರ್ ಹಾಲು ಸುಮಾರು 1 ಕಿಲೋ 30 ಗ್ರಾಂ ತೂಗುತ್ತದೆ. ಐದು ಲೀಟರ್ ಹಾಲು ಐದು ಕಿಲೋ 150 ಗ್ರಾಂ. ಕಂಪ್ಯೂಟರ್ ಕಿಲೋವನ್ನು 1.03ರಿಂದ ಭಾಗಿಸಿ ಲೀಟರ್ ಮಾಡಿಕೊಳ್ಳುತ್ತದೆ. ಕೆಲವು ಕಡೆ ಕಿಲೋ ಲೆಕ್ಕದಲ್ಲೇ ದರ ಕೊಡುತ್ತಾರೆ. ನಿಮ್ಮ ಡೇರಿಯಲ್ಲಿ ಯಾವುದು ಅಂತ ಒಂದು ಸಲ ಕೇಳಿಟ್ಟುಕೊಳ್ಳಿ. ಕಿಲೋ ದರವನ್ನು ಪಕ್ಕದೂರಿನ ಲೀಟರ್ ದರದ ಜೊತೆ ಹೋಲಿಸಿದರೆ ಸುಮ್ಮನೆ ಜಗಳ ಆಗುತ್ತದೆ.

ಇನ್ನು ಫ್ಯಾಟ್, ಎಸ್.ಎನ್.ಎಫ್. ದರವೆಲ್ಲ ನಿಂತಿರುವುದು ಈ ಎರಡರ ಮೇಲೆ.

ಹಾಲಿನಲ್ಲಿ ಏನಿದೆ?

ಹಾಲಿನಲ್ಲಿ ಹೆಚ್ಚಿನ ಪಾಲು ನೀರು. ನೀರು ಬಿಟ್ಟರೆ ಎರಡು ಭಾಗ. ಒಂದು ಕೊಬ್ಬು. ಅದೇ ಫ್ಯಾಟು. ಬೆಣ್ಣೆ, ತುಪ್ಪ ಆಗುವುದು ಇದೇ. ಇನ್ನೊಂದು ಕೊಬ್ಬಲ್ಲದ ಗಟ್ಟಿ ಪದಾರ್ಥ. ಹಾಲಿನ ಸಕ್ಕರೆ, ಪ್ರೋಟೀನು, ಉಪ್ಪುಗಳು ಇದರಲ್ಲಿ ಸೇರಿವೆ. ಇದನ್ನೇ ಎಸ್.ಎನ್.ಎಫ್. ಅನ್ನುತ್ತಾರೆ. ಹಾಲಿನ ಪುಡಿ ಆಗುವುದು ಮುಖ್ಯವಾಗಿ ಇದರಿಂದ. 3.8 ಫ್ಯಾಟ್ ಅಂದರೆ ನೂರು ಭಾಗ ಹಾಲಿನಲ್ಲಿ ಮೂರು ಮುಕ್ಕಾಲಿಗಿಂತ ಚೂರು ಹೆಚ್ಚು ಕೊಬ್ಬು ಇದೆ ಎಂದು ಅರ್ಥ.

ಹಿಂದೆ ಫ್ಯಾಟು ನೋಡುವ ಕೆಲಸ ನಿಧಾನ. ಉದ್ದ ಕತ್ತಿನ ಗಾಜಿನ ಕೊಳವೆಗೆ ಆಸಿಡ್ ಹಾಕಬೇಕು. ಹಾಲು ಹಾಕಬೇಕು. ಇನ್ನೊಂದು ಔಷಧಿ ಹಾಕಬೇಕು. ಯಂತ್ರದಲ್ಲಿಟ್ಟು ಗರಗರ ತಿರುಗಿಸಬೇಕು. ಕೊಬ್ಬು ಮೇಲೆ ಬಂದು ನಿಲ್ಲುತ್ತದೆ. ಗೆರೆ ನೋಡಿ ಅಂಕಿ ಬರೆಯಬೇಕು. 'ಡಿಗ್ರಿ' ನೋಡಲು ಲ್ಯಾಕ್ಟೋಮೀಟರ್ ತೇಲಿಬಿಡುತ್ತಿದ್ದರು. ನೀರು ಬೆರೆತ ಹಾಲಿನಲ್ಲಿ ಅದು ಹೆಚ್ಚು ಮುಳುಗುತ್ತದೆ. ಡಿಗ್ರಿ ಕಡಿಮೆ ಬರುತ್ತದೆ. ಈಗ ಬಹಳ ಡೇರಿಗಳಲ್ಲಿ ಯಂತ್ರ ಇದೆ. ಸ್ವಲ್ಪ ಹಾಲು ಹೀರಿಕೊಂಡು ನಿಮಿಷದೊಳಗೆ ಎರಡೂ ಅಂಕಿ ಹೇಳುತ್ತದೆ. ಹೇಳಿದ ಅಂಕಿ ನೇರ ಕಂಪ್ಯೂಟರಿಗೆ ಹೋಗುತ್ತದೆ.

ಯಂತ್ರ ಇದೆ ಅಂತ ಎಲ್ಲ ಸರಿ ಎಂದೇನಲ್ಲ. ಯಂತ್ರದೊಳಗಿನ ಸಣ್ಣ ಕೊಳವೆಯನ್ನು ದಿನಾ ತೊಳೆಯಬೇಕು. ತೊಳೆಯದಿದ್ದರೆ ಹಾಲಿನ ಜಿಡ್ಡು ಕಟ್ಟುತ್ತದೆ. ಅಂಕಿ ತಪ್ಪಾಗುತ್ತದೆ. ಸ್ಯಾಂಪಲ್ ತೆಗೆಯುವ ಮೊದಲು ಹಾಲನ್ನು ಚೆನ್ನಾಗಿ ಕಲಕಬೇಕು. ಕೆನೆ ಮೇಲೆ ತೇಲುವುದು ನಿಮಗೆ ಗೊತ್ತೇ ಇದೆ. ಕಲಕದೆ ಮೇಲಿನಿಂದ ತೆಗೆದರೆ ಫ್ಯಾಟು ಹೆಚ್ಚು. ಅಡಿಯಿಂದ ತೆಗೆದರೆ ಕಡಿಮೆ.

ಇನ್ನೊಂದು ಮಾತು. ಇದು ಯಂತ್ರದ ತಪ್ಪಲ್ಲ, ನಮ್ಮದು. ಹಾಲು ಕರೆಯುವಾಗ ಮೊದಲು ಬರುವ ಹಾಲು ತೆಳು. ಕೊನೆಗೆ ಬರುವ ಹಾಲು ಗಟ್ಟಿ. ಕೊನೆಯ ಹಾಲಿನಲ್ಲೇ ಕೊಬ್ಬು ಹೆಚ್ಚು. ಆ ಊರಿನ ಒಬ್ಬ ಅಜ್ಜಿ ಮೊದಲ ಹಾಲೆಲ್ಲ ಕರೆದು, ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದರು. "ಕರು ಪಾಪ ಕಣ್ರವ್ವ, ಅದಕ್ಕೂ ಇರಲಿ" ಅನ್ನುತ್ತಿದ್ದರು. ಕರುವಿಗೆ ಹಾಲು ಬೇಕೇ ಬೇಕು. ಬೇಡ ಅನ್ನಲು ನಮಗೂ ಮನಸ್ಸಿಲ್ಲ. ಆದರೆ ಮೊದಲು ಸ್ವಲ್ಪ ಹೊತ್ತು ಕರುವಿಗೆ ಬಿಟ್ಟು, ಆಮೇಲೆ ಕೊನೆಯವರೆಗೂ ಕರೆದರೆ ಫ್ಯಾಟು ಚೆನ್ನಾಗಿ ಬರುತ್ತದೆ. ಅಜ್ಜಿ ಹಾಗೆ ಮಾಡಿ ನೋಡಿದರು. ಫ್ಯಾಟು ಏರಿತು. "ಇಷ್ಟು ವರ್ಷ ಬೆಣ್ಣೇನೆಲ್ಲ ಕರೂನೇ ತಿಂತು" ಅಂತ ನಕ್ಕರು.

ನೀರು ಬೆರೆಸಿದರೆ ಏನಾಗುತ್ತದೆ? ಐದು ಲೀಟರ್ ಹಾಲಿಗೆ ಅರ್ಧ ಲೀಟರ್ ನೀರು ಸೇರಿತು ಅನ್ನಿ. 8.4 ಇದ್ದ ಎಸ್.ಎನ್.ಎಫ್. 7.6ಕ್ಕೆ ಇಳಿಯುತ್ತದೆ. ಫ್ಯಾಟೂ ಇಳಿಯುತ್ತದೆ. ಲೀಟರ್ ಜಾಸ್ತಿ ಆಯಿತು ಅನ್ನುವಷ್ಟರಲ್ಲಿ ದರ ಬೀಳುತ್ತದೆ. ಹಾಲು ವಾಪಸ್ಸೂ ಬರಬಹುದು.

ಚಾರ್ಟು ಅಂದರೇನು?

ಈಗ ಮುಖ್ಯ ವಿಷಯಕ್ಕೆ ಬರೋಣ. ಫ್ಯಾಟು ಗೊತ್ತಾಯಿತು. ಎಸ್.ಎನ್.ಎಫ್. ಗೊತ್ತಾಯಿತು. ದರ ಎಲ್ಲಿಂದ ಬರುತ್ತದೆ?

ದರ ಬರುವುದು ಚಾರ್ಟಿನಿಂದ. ಹಿಂದೆ ಈ ಚಾರ್ಟು ಡೇರಿಯ ಗೋಡೆ ಮೇಲೆ ಅಂಟಿಸಿರುತ್ತಿತ್ತು. ಈಗ ಅದು ಕಂಪ್ಯೂಟರಿನೊಳಗೆ ಇದೆ. ಚಾರ್ಟು ಹೀಗಿರುತ್ತದೆ. ಇದೂ ನಾವೇ ಬರೆದದ್ದು:

ಫ್ಯಾಟ್ 3.5 ಇದ್ದು, ಎಸ್.ಎನ್.ಎಫ್. 8.3 ಆದರೆ 33.60, 8.4 ಆದರೆ 33.80, 8.5 ಆದರೆ 34.00
ಫ್ಯಾಟ್ 3.6 ಇದ್ದು, ಎಸ್.ಎನ್.ಎಫ್. 8.3 ಆದರೆ 33.85, 8.4 ಆದರೆ 34.05, 8.5 ಆದರೆ 34.25
ಫ್ಯಾಟ್ 3.7 ಇದ್ದು, ಎಸ್.ಎನ್.ಎಫ್. 8.3 ಆದರೆ 34.10, 8.4 ಆದರೆ 34.30, 8.5 ಆದರೆ 34.50
ಫ್ಯಾಟ್ 3.8 ಇದ್ದು, ಎಸ್.ಎನ್.ಎಫ್. 8.3 ಆದರೆ 34.35, 8.4 ಆದರೆ 34.55, 8.5 ಆದರೆ 34.75

ಈಗ ನಿಮ್ಮ ಬೆರಳು ಇಡಿ. ಫ್ಯಾಟ್ 3.8ರ ಸಾಲು ಹುಡುಕಿ. ಅದೇ ಸಾಲಿನಲ್ಲಿ 8.4ರ ಹತ್ತಿರ ಹೋಗಿ. ಏನಿದೆ? 34.55. ನಮ್ಮ ಚೀಟಿಯಲ್ಲಿ ಇದ್ದ ದರ ಇದೇ. ಐದು ಲೀಟರಿಗೆ ಗುಣಿಸಿ. 172 ರೂಪಾಯಿ 75 ಪೈಸೆ. ಸರಿಹೋಯಿತಲ್ಲ?

ಕಂಪ್ಯೂಟರ್ ಮಾಡುವ ಕೆಲಸ ಇಷ್ಟೇ. ನೀವು ಈಗ ಬೆರಳಿನಿಂದ ಮಾಡಿದ್ದನ್ನು ಅದು ಬೇಗ ಮಾಡುತ್ತದೆ. ಹಾಲು ನೋಡಿ ಇದಕ್ಕಿಷ್ಟು ಕೊಡೋಣ ಅಂತ ಅದು ಯೋಚನೆ ಮಾಡುವುದಿಲ್ಲ. ಅದಕ್ಕೆ ಕರುಣೆಯೂ ಇಲ್ಲ, ಮೋಸವೂ ಗೊತ್ತಿಲ್ಲ. ಕೊಟ್ಟ ಚಾರ್ಟಿನಲ್ಲಿ ಇದ್ದದ್ದನ್ನು ಓದಿ ಹೇಳುತ್ತದೆ.

ಒಂದು ಸಣ್ಣ ವಿಷಯ ಇದೆ. ಸಣ್ಣದಾದರೂ ದುಡ್ಡಿನದು. ಯಂತ್ರ ಫ್ಯಾಟನ್ನು 3.78 ಅಂತ ತೋರಿಸಿತು ಅನ್ನಿ. ಚಾರ್ಟಿನಲ್ಲಿ 3.78 ಇಲ್ಲ. 3.7 ಇದೆ, 3.8 ಇದೆ. ಯಾವುದನ್ನು ಹಿಡಿಯಬೇಕು? ಹತ್ತಿರದ ಅಂಕಿ ಹಿಡಿ ಅಂತ ಹೇಳಿಟ್ಟಿದ್ದರೆ 3.8 ಹಿಡಿಯುತ್ತದೆ. ಕೊನೆಯ ಅಂಕಿ ಬಿಟ್ಟುಬಿಡು ಅಂತ ಹೇಳಿಟ್ಟಿದ್ದರೆ 3.7 ಹಿಡಿಯುತ್ತದೆ. ನಮ್ಮ ಚಾರ್ಟಿನಲ್ಲಿ ಲೀಟರಿಗೆ 25 ಪೈಸೆ ವ್ಯತ್ಯಾಸ. ದಿನಕ್ಕೆ ಒಂಬತ್ತು ಲೀಟರ್ ಹಾಕುವವರಿಗೆ 2 ರೂಪಾಯಿ 25 ಪೈಸೆ. ತಿಂಗಳಿಗೆ 67 ರೂಪಾಯಿ ದಾಟುತ್ತದೆ. ಇದನ್ನು ಹೇಳಿಟ್ಟವರು ಮನುಷ್ಯರು. ಆದ್ದರಿಂದ ಮನುಷ್ಯರನ್ನೇ ಕೇಳಬೇಕು. ಸಂಘದ ಸಭೆಯಲ್ಲಿ ಕೇಳಬಹುದು.

ಚಾರ್ಟು ಬರೆಯುವವರು ಯಾರು?

ಸೆಕ್ರೆಟರಿ ಬರೆಯುವುದಿಲ್ಲ. ಟೆಸ್ಟರ್ ಬರೆಯುವುದಿಲ್ಲ. ಬಹಳ ಜನ ಸೆಕ್ರೆಟರಿಯನ್ನೇ ಬೈಯುತ್ತಾರೆ. ಪಾಪ, ಎಲ್ಲ ಸಲವೂ ಅವರ ತಪ್ಪಲ್ಲ.

ನಮ್ಮ ರಾಜ್ಯದಲ್ಲಿ ಹಾಲಿನ ಸಹಕಾರ ಮೂರು ಮೆಟ್ಟಿಲಿನದು. ಊರಿನಲ್ಲಿ ಸಂಘ. ಅದರ ಮೇಲೆ ಹಾಲು ಒಕ್ಕೂಟ. ಒಂದು ಜಿಲ್ಲೆಗೆ ಒಂದು, ಇಲ್ಲವೇ ಎರಡು ಮೂರು ಜಿಲ್ಲೆಗೆ ಸೇರಿ ಒಂದು. ಅದರ ಮೇಲೆ ರಾಜ್ಯಕ್ಕೆಲ್ಲ ಒಂದು ಮಹಾಮಂಡಳ. ನಂದಿನಿ ಅನ್ನುವ ಹೆಸರಿನಲ್ಲಿ ಹಾಲು ಮಾರುವುದು ಈ ವ್ಯವಸ್ಥೆಯೇ. ಗುಜರಾತಿನ ಆನಂದ್ ಎಂಬ ಊರಿನ ಕಡೆ 1946ರಲ್ಲಿ ಶುರುವಾದ ಸಹಕಾರವನ್ನು ನೋಡಿ ಮಾಡಿದ ಮಾದರಿ ಇದು. ನಮ್ಮಲ್ಲಿ 1974ರಲ್ಲಿ ಈ ಕೆಲಸ ಆರಂಭವಾಯಿತು.

ಸಂಘಗಳಿಂದ ಹಾಲು ಕೊಳ್ಳುವ ದರವನ್ನು ನಿಗದಿ ಮಾಡುವುದು ಒಕ್ಕೂಟ. ಅಲ್ಲಿ ಆಡಳಿತ ಮಂಡಳಿ ಕೂತು ತೀರ್ಮಾನ ಮಾಡುತ್ತದೆ. ಹಾಲು ಎಷ್ಟು ಬರುತ್ತಿದೆ? ಎಷ್ಟು ಮಾರಾಟ ಆಗುತ್ತಿದೆ? ಉಳಿದ ಹಾಲನ್ನು ಪುಡಿ ಮಾಡಿದರೆ ಪುಡಿಗೆ ಏನು ಬೆಲೆ? ಬೆಣ್ಣೆಗೆ ಏನು ಬೆಲೆ? ಇದೆಲ್ಲ ನೋಡುತ್ತಾರೆ. ಮಳೆ ಬಂದು ಹಸಿರು ಮೇವು ಬೆಳೆದರೆ ಹಾಲು ಹೆಚ್ಚುತ್ತದೆ. ಹೆಚ್ಚಾದ ಹಾಲು ಪುಡಿಗೆ ಹೋಗುತ್ತದೆ. ಪುಡಿಗೆ ಬೆಲೆ ಇಲ್ಲದಿದ್ದರೆ ಒಕ್ಕೂಟಕ್ಕೆ ನಷ್ಟ. ಆಗ ಕೊಳ್ಳುವ ದರ ಇಳಿಸುವುದೂ ಉಂಟು. ಅಂಗಡಿಯಲ್ಲಿ ಪ್ಯಾಕೆಟ್ಟಿನ ಬೆಲೆ ಇಳಿದಿರುವುದಿಲ್ಲ, ನಮ್ಮ ದರ ಮಾತ್ರ ಇಳಿದಿರುತ್ತದೆ. ಹಾಲು ಹಾಕುವವರ ಸಿಟ್ಟಿಗೆ ಕಾರಣ ಇಲ್ಲದೆ ಇಲ್ಲ.

ಒಕ್ಕೂಟ ಕೊಡುವ ದರದಲ್ಲಿ ಸಂಘ ತನ್ನ ಖರ್ಚಿಗೆ ಸ್ವಲ್ಪ ಇಟ್ಟುಕೊಳ್ಳುತ್ತದೆ. ಸೆಕ್ರೆಟರಿ ಸಂಬಳ, ಕರೆಂಟು, ಔಷಧಿ ಎಲ್ಲ ಅದರಲ್ಲೇ ನಡೆಯಬೇಕು. ವರ್ಷದ ಕೊನೆಗೆ ಲಾಭ ಬಂದರೆ ಬೋನಸ್ ಕೊಡುತ್ತಾರೆ. ಹೆಚ್ಚು ಹಾಲು ಹಾಕಿದವರಿಗೆ ಹೆಚ್ಚು ಬೋನಸ್. ಸಂಘದ ಲೆಕ್ಕವನ್ನು ಸಭೆಯಲ್ಲಿ ಓದಿ ಹೇಳಬೇಕು. ಓದುವಾಗ ನಾವು ಹೆಂಗಸರು ಹಿಂದಿನ ಸಾಲಿನಲ್ಲಿ ಕೂತು ಹರಟೆ ಹೊಡೆಯುತ್ತೇವೆ. ನಮ್ಮನ್ನೂ ಸೇರಿಸಿಯೇ ಹೇಳುತ್ತಿದ್ದೇವೆ.

ಸರ್ಕಾರದ ಪ್ರೋತ್ಸಾಹಧನ ಬೇರೆ. 2008ರಲ್ಲಿ ಲೀಟರಿಗೆ 2 ರೂಪಾಯಿಯಂತೆ ಅದು ಶುರುವಾಯಿತು. 2013ರಲ್ಲಿ 4 ರೂಪಾಯಿ ಆಯಿತು. 2016ರಲ್ಲಿ 5 ರೂಪಾಯಿ ಆಯಿತು. ಈ ದುಡ್ಡು ಚಾರ್ಟಿನಲ್ಲಿ ಇಲ್ಲ. ಚೀಟಿಯ ದರದಲ್ಲೂ ಇಲ್ಲ. ಡೇರಿಯಲ್ಲಿ ಬರೆದ ಲೀಟರಿನ ಲೆಕ್ಕ ಮೇಲಕ್ಕೆ ಹೋಗುತ್ತದೆ. ದುಡ್ಡು ನೇರ ಬ್ಯಾಂಕ್ ಖಾತೆಗೆ ಬರುತ್ತದೆ. ಬರುವುದು ತಡವಾಗುತ್ತದೆ. ಆದ್ದರಿಂದ ಪಾಸ್‌ಬುಕ್ ನೋಡುವಾಗ ಎರಡು ದುಡ್ಡನ್ನೂ ಬೇರೆ ಬೇರೆ ಹುಡುಕಿ.

47ನೇ ನಂಬರಿನ ಅಕ್ಕನ ಡಬ್ಬಿ

ಈಗ ಅಕ್ಕನ ಹತ್ತಿರ ಹೋಗೋಣ.

ಅಕ್ಕ ಸಾಕ್ಷರತಾ ಕೇಂದ್ರಕ್ಕೆ ಬರುತ್ತಿದ್ದವರು. ಅಕ್ಷರಕ್ಕಿಂತ ಅಂಕಿ ಅವರಿಗೆ ಬೇಗ ಹತ್ತಿತು. ಅವರಿಗೆ ಒಂದು ಅಭ್ಯಾಸ. ಡೇರಿ ಚೀಟಿಯನ್ನು ಎಸೆಯುತ್ತಿರಲಿಲ್ಲ. ಬಿಸ್ಕತ್ತಿನ ಹಳೇ ಡಬ್ಬಿಯಲ್ಲಿ ಹಾಕಿಡುತ್ತಿದ್ದರು. "ಅದ್ಯಾಕೆ ಕಸ ಕೂಡಿಡ್ತೀಯಾ?" ಅಂತ ಅತ್ತೆ ಬೈದರೂ ಬಿಟ್ಟಿರಲಿಲ್ಲ.

ಏಪ್ರಿಲ್ 8ರ ಬೆಳಿಗ್ಗೆ ನಾವು ಅವರ ಮನೆ ಜಗಲಿ ಮೇಲೆ ಕೂತು ಡಬ್ಬಿ ಸುರಿದೆವು. ಹಾಲು ತೆಳ್ಳಗಾಗಿದೆಯೋ ಇಲ್ಲವೋ ಅಂತ ಹೇಗೆ ತಿಳಿಯುವುದು? ಅಕ್ಕನೇ ದಾರಿ ಹುಡುಕಿದರು. ಫ್ಯಾಟು, ಎಸ್.ಎನ್.ಎಫ್. ಎರಡೂ ಒಂದೇ ಇರುವ ಎರಡು ಚೀಟಿ ಹುಡುಕಿದರು. ಒಂದು ಮಾರ್ಚ್ 29ರದು. ಇನ್ನೊಂದು ಏಪ್ರಿಲ್ 6ರದು. ಎರಡರಲ್ಲೂ ಫ್ಯಾಟ್ ಅದೇ. ಎರಡರಲ್ಲೂ ಎಸ್.ಎನ್.ಎಫ್. ಅದೇ. ದರ ನೋಡಿದೆವು. ಎರಡರಲ್ಲೂ ದರವೂ ಅದೇ! ಒಂದು ಪೈಸೆ ಹೆಚ್ಚಿಲ್ಲ.

ಹಾಲು ತೆಳ್ಳಗಾಗಿದ್ದರೆ ಫ್ಯಾಟು ಇಳಿಯಬೇಕಿತ್ತು. ಇಳಿದಿಲ್ಲ. ಯಂತ್ರದ ಅಂಕಿಯೂ ಒಂದೇ ಇದೆ. ದರ ಏರಿದ ಮೇಲೆ ಅದೇ ಹಾಲಿಗೆ ಅದೇ ದರ ಹೇಗೆ ಬರುತ್ತದೆ? ಅಂದರೆ ಕಂಪ್ಯೂಟರ್ ಇನ್ನೂ ಹಳೇ ಚಾರ್ಟನ್ನೇ ಓದುತ್ತಿದೆ.

ಅಕ್ಕ ಎರಡೂ ಚೀಟಿ ಹಿಡಿದು ಡೇರಿಗೆ ನಡೆದರು. ಹಿಂದೆ ನಾವು. ನಮ್ಮ ಹಿಂದೆ ಇನ್ನೂ ನಾಲ್ಕೈದು ಜನ.

ಸೆಕ್ರೆಟರಿಗೆ ಮೊದಲು ಕೋಪ ಬಂತು. "ಏನಕ್ಕಾ, ಜನ ಕಟ್ಕೊಂಡು ಬಂದಿದೀಯಾ? ನಾನು ದುಡ್ಡು ತಿಂದೆ ಅಂತಾನಾ?"

"ತಿಂದೆ ಅಂತ ಯಾರಂದ್ರು ತಾಯಿ? ಈ ಎರಡು ಚೀಟಿ ಒಂದ್ಸಲ ನೋಡು. ನಂಗೆ ತಿಳೀದಿದ್ರೆ ತಿಳಿಸು" ಅಂದರು ಅಕ್ಕ.

ಸೆಕ್ರೆಟರಿ ನೋಡಿದರು. ಮತ್ತೆ ನೋಡಿದರು. ಸುಮ್ಮನಾದರು. "ಹೊಸ ಚಾರ್ಟು ಹಾಕಿದೀನಲ್ಲ ನಾನೇ! ಮೂವತ್ತೊಂದನೇ ತಾರೀಕು ರಾತ್ರಿ ಕೂತು ಹಾಕಿದೆ" ಅಂದರು. ಕಂಪ್ಯೂಟರ್ ತೆರೆದರು. ನಿಜ, ಹೊಸ ಚಾರ್ಟು ಒಳಗೆ ಇತ್ತು. ದರಗಳೂ ಸರಿಯಾಗೇ ಇದ್ದವು. ಹಾಗಾದರೆ ಏನು ತಪ್ಪು?

ಪ್ರತಿ ಚಾರ್ಟಿಗೂ ಒಂದು ದಿನಾಂಕ ಇರುತ್ತದೆ. ಯಾವ ದಿನದಿಂದ ಈ ಚಾರ್ಟು ಜಾರಿ ಅಂತ. ಹೊಸ ಚಾರ್ಟು ಬಂದರೂ ಹಳೇದು ಅಳಿಸಿಹೋಗುವುದಿಲ್ಲ. ಎರಡೂ ಒಳಗೆ ಇರುತ್ತವೆ. ಹಾಲು ಬಂದಾಗ ಕಂಪ್ಯೂಟರ್ ಇವತ್ತಿನ ದಿನಾಂಕ ನೋಡುತ್ತದೆ. ಇವತ್ತಿಗೆ ಜಾರಿಯಲ್ಲಿರುವ ಚಾರ್ಟು ಯಾವುದು ಅಂತ ಹುಡುಕುತ್ತದೆ. ಅದರಿಂದ ದರ ತೆಗೆಯುತ್ತದೆ.

ಹೊಸ ಚಾರ್ಟಿನ ದಿನಾಂಕ 01 ಅಂತ ಇರಬೇಕಿತ್ತು. 11 ಅಂತ ಬಿದ್ದಿತ್ತು. ಸೊನ್ನೆ ಒತ್ತುವ ಕಡೆ ಒಂದು ಒತ್ತಿದ್ದರು. ರಾತ್ರಿ ಹತ್ತು ಗಂಟೆಗೆ, ಮಗುವನ್ನು ತೊಡೆ ಮೇಲೆ ಹಾಕಿಕೊಂಡು ಮಾಡಿದ ಕೆಲಸ. ಕಂಪ್ಯೂಟರಿಗೆ ಅದೆಲ್ಲ ಗೊತ್ತಾಗುವುದಿಲ್ಲ. ಹನ್ನೊಂದನೇ ತಾರೀಕಿನವರೆಗೆ ಹಳೇದನ್ನೇ ಓದು ಅಂತ ಹೇಳಿದಂತಾಯಿತು. ಅದು ಹಾಗೇ ಓದಿತು.

ಎಷ್ಟು ದುಡ್ಡಿನ ಮಾತು ಇದು? ಅಕ್ಕ ಬೆಳಿಗ್ಗೆ ಐದು, ಸಂಜೆ ನಾಲ್ಕು, ದಿನಕ್ಕೆ ಒಂಬತ್ತು ಲೀಟರ್ ಹಾಕುತ್ತಾರೆ. ಲೀಟರಿಗೆ 4 ರೂಪಾಯಿ. ಒಂಬತ್ತು ನಾಲ್ಕಲೆ ಮೂವತ್ತಾರು. ಏಪ್ರಿಲ್ 1ರಿಂದ 7ರವರೆಗೆ ಏಳು ದಿನ. ಮೂವತ್ತಾರು ಏಳಲೆ 252 ರೂಪಾಯಿ. ಸ್ವಸಹಾಯ ಸಂಘಕ್ಕೆ ಅಕ್ಕ ವಾರಕ್ಕೆ 50 ರೂಪಾಯಿ ಕಟ್ಟುತ್ತಾರೆ. ಐದು ವಾರದ ಉಳಿತಾಯ ಒಂದು ಅಂಕಿಯಲ್ಲಿ ಹೋಗುತ್ತಿತ್ತು. ಸಂಘದಲ್ಲಿ ದಿನಕ್ಕೆ 640 ಲೀಟರ್ ಹಾಲು ಸೇರುತ್ತದೆ. ಎಲ್ಲರದೂ ಸೇರಿ ಏಳು ದಿನಕ್ಕೆ 17,920 ರೂಪಾಯಿ.

ಸೆಕ್ರೆಟರಿಯ ಕಣ್ಣು ತುಂಬಿತು. ಅಕ್ಕ ಅವರ ಬೆನ್ನು ತಟ್ಟಿದರು. "ಬಟವಾಡೆ ಇನ್ನೂ ಆಗಿಲ್ವಲ್ಲ, ಬಿಡು" ಅಂದರು. ನಿಜ. ಅಲ್ಲಿ ಹದಿನೈದು ದಿನಕ್ಕೊಮ್ಮೆ ಬಟವಾಡೆ. ಸರಿಮಾಡಲು ಹೊತ್ತು ಇತ್ತು.

ಆದರೆ ದಿನಾಂಕ ತಿದ್ದಿದ ಕೂಡಲೇ ಎಲ್ಲ ಸರಿಹೋಗಲಿಲ್ಲ. ದಿನಾಂಕ ತಿದ್ದಿದರೆ ಮುಂದೆ ಬರುವ ಹಾಲಿಗೆ ಹೊಸ ದರ ಬೀಳುತ್ತದೆ. ಹಿಂದೆ ಬರೆದುಬಿಟ್ಟ ಹಾಲಿಗೆ ಹಳೇ ದರವೇ ಉಳಿದಿರುತ್ತದೆ. ಆ ಏಳು ದಿನದ ಲೆಕ್ಕವನ್ನು ಮತ್ತೆ ಮಾಡು ಅಂತ ಬೇರೆಯಾಗಿ ಹೇಳಬೇಕು. ಸೆಕ್ರೆಟರಿ ಒಕ್ಕೂಟದ ಮೇಲ್ವಿಚಾರಕರಿಗೆ ಫೋನ್ ಮಾಡಿ ಕೇಳಿಕೊಂಡು, ಅದನ್ನೂ ಮಾಡಿದರು.

ಬೇರೆ ಕಡೆ ಹೇಗೆ?

ಡೇರಿಯಲ್ಲಿ ಮಾತ್ರವಲ್ಲ, ಬಹಳ ಕಡೆ ಈಗ ಕೊಳ್ಳುವ ದರ ಕಂಪ್ಯೂಟರಿನಿಂದಲೇ ಬರುತ್ತದೆ. ಆದರೆ ಎಲ್ಲ ಕಡೆ ಒಂದೇ ರೀತಿ ಅಲ್ಲ.

ಸರ್ಕಾರದ ಖರೀದಿ ಕೇಂದ್ರಕ್ಕೆ ರಾಗಿ ಹಾಕುತ್ತೀರಿ ಅನ್ನಿ. ಅಲ್ಲಿ ಚಾರ್ಟಿಲ್ಲ. ಒಂದೇ ಅಂಕಿ. ಅದು ಬೆಂಬಲ ಬೆಲೆ. ಕೇಂದ್ರ ಸರ್ಕಾರ ಪ್ರತಿ ವರ್ಷ ಹೇಳುತ್ತದೆ. 2024-25ರಲ್ಲಿ ರಾಗಿಗೆ ಕ್ವಿಂಟಾಲಿಗೆ 4,290 ರೂಪಾಯಿ ಇತ್ತು. 2025-26ಕ್ಕೆ 4,886 ರೂಪಾಯಿ. ಅಲ್ಲಿ ನೋಡಬೇಕಾದದ್ದು ತೂಕ ಮತ್ತು ನಿಮ್ಮ ನೋಂದಣಿ. ರಾಗಿ ಗುಣಮಟ್ಟಕ್ಕೆ ಸರಿ ಇದ್ದರೆ ತೆಗೆದುಕೊಳ್ಳುತ್ತಾರೆ, ಇಲ್ಲದಿದ್ದರೆ ಇಲ್ಲ.

ರಾಮನಗರದ ರೇಷ್ಮೆಗೂಡಿನ ಮಾರುಕಟ್ಟೆಯಲ್ಲಿ ಇನ್ನೊಂದು ರೀತಿ. ಅಲ್ಲಿ ದರ ಮೊದಲೇ ಬರೆದಿಟ್ಟಿರುವುದಿಲ್ಲ. ಹರಾಜು. ಹಿಂದೆ ಬಾಯಲ್ಲಿ ಕೂಗುತ್ತಿದ್ದರು. ಈಗ ನೂಲು ತೆಗೆಯುವವರು ಗೂಡು ನೋಡಿಕೊಂಡು ಹೋಗಿ ಮೊಬೈಲಿನಲ್ಲಿ ದರ ಹಾಕುತ್ತಾರೆ. ಯಾರದು ಹೆಚ್ಚೋ ಅದನ್ನು ಕಂಪ್ಯೂಟರ್ ತೋರಿಸುತ್ತದೆ. ಇಲ್ಲಿ ಕಂಪ್ಯೂಟರ್ ಓದುವುದು ಚಾರ್ಟನ್ನಲ್ಲ, ಕೊಳ್ಳುವವರು ಹಾಕಿದ ದರವನ್ನು.

ಇನ್ನು ದೊಡ್ಡ ಅಂಗಡಿ, ಕಾರ್ಖಾನೆ. ನಿಮ್ಮ ಸ್ವಸಹಾಯ ಸಂಘ ಹಪ್ಪಳ ಮಾಡಿ ಪೇಟೆಯ ದೊಡ್ಡ ಅಂಗಡಿಗೆ ಹಾಕುತ್ತದೆ ಅನ್ನಿ. ಅವರ ಕಂಪ್ಯೂಟರ್ ಕೊಳ್ಳುವ ದರವನ್ನು ಹೀಗೆ ಹುಡುಕುತ್ತದೆ. ಈ ಸಂಘದ ಜೊತೆ ಒಪ್ಪಂದ ಇದೆಯೇ? ಇದ್ದರೆ ಒಪ್ಪಂದದ ದರ. ಆ ಒಪ್ಪಂದದ ದಿನಾಂಕ ಮುಗಿದಿದೆಯೇ? ಎಷ್ಟು ಕಿಲೋ? ನೂರು ಕಿಲೋ ದಾಟಿದರೆ ದರ ಕಡಿಮೆ ಅಂತ ಬರೆದಿದೆಯೇ? ಕಿಲೋ ಲೆಕ್ಕವೋ, ಕಟ್ಟಿನ ಲೆಕ್ಕವೋ? ಒಪ್ಪಂದವೇ ಇಲ್ಲದಿದ್ದರೆ ಹಿಂದಿನ ಸಲ ಕೊಂಡ ದರವನ್ನೇ ತೋರಿಸುವ ಕಂಪ್ಯೂಟರುಗಳೂ ಇವೆ. ಇದರಲ್ಲಿ ಒಂದು ತೊಡಕಿದೆ. ಉದ್ದಿನ ಬೆಲೆ ಏರಿದೆ. ನೀವು ಹೊಸ ದರ ಹೇಳಿದ್ದೀರಿ. ಅವರು ಬಾಯಲ್ಲಿ ಹೂಂ ಅಂದಿದ್ದಾರೆ. ಕಂಪ್ಯೂಟರಿಗೆ ಯಾರೂ ಹೇಳಿಲ್ಲ. ಬಿಲ್ಲು ಹಳೇ ದರದಲ್ಲೇ ಬರುತ್ತದೆ. ಬಾಯಿ ಮಾತಿನ ದರ ಕಂಪ್ಯೂಟರಿನೊಳಗೆ ಹೋಗುವುದಿಲ್ಲ. ಹೊಸ ದರವನ್ನೂ ಅದು ಯಾವ ದಿನದಿಂದ ಎಂಬುದನ್ನೂ ಕಾಗದದ ಮೇಲೆ ಬರೆದು, ಅವರ ಸಹಿ ಹಾಕಿಸಿ, ಒಂದು ಪ್ರತಿ ನೀವು ಇಟ್ಟುಕೊಂಡರೆ ಕೇಳಲು ಆಧಾರ ಇರುತ್ತದೆ.

ಕೈಯಿಂದ ದರ ಹಾಕುವುದೂ ಉಂಟು. ಡೇರಿಯಲ್ಲಿ ಕರೆಂಟು ಹೋದಾಗ, ಯಂತ್ರ ಕೆಟ್ಟಾಗ ಫ್ಯಾಟು, ಎಸ್.ಎನ್.ಎಫ್. ಅಂಕಿಗಳನ್ನು ಕೈಯಿಂದ ಒತ್ತುತ್ತಾರೆ. ಕೆಲವು ಯಂತ್ರಗಳು ಅಂಥ ಚೀಟಿಗೆ ಗುರುತು ಹಾಕುತ್ತವೆ. ಒಂದೆರಡು ಸಲ ಆದರೆ ಸಹಜ. ದಿನಾ ಹಾಗೇ ಆದರೆ ಯಂತ್ರ ಯಾಕೆ ಕೆಟ್ಟಿದೆ ಅಂತ ಕೇಳಲೇಬೇಕು.

ಮತ್ತೆ ಡೇರಿಯಲ್ಲಿ

ಮೇ ತಿಂಗಳಲ್ಲಿ ನಾವು ಆ ಊರಿಗೆ ಮತ್ತೆ ಹೋದೆವು. ಡೇರಿಯ ಗೋಡೆ ಮೇಲೆ ಚಾರ್ಟು ಅಂಟಿಸಿದ್ದರು. ಮೇಲೆ ದಪ್ಪ ಅಕ್ಷರದಲ್ಲಿ 'ಏಪ್ರಿಲ್ 1ರಿಂದ ಜಾರಿ' ಅಂತ ಬರೆದಿತ್ತು. ಬರೆದವರು ಸೆಕ್ರೆಟರಿ. ಸೊನ್ನೆ ಒಂದು ಗುಂಡಗೆ, ದೊಡ್ಡದಾಗಿ ಬಿದ್ದಿತ್ತು. ಕೆಳಗೆ ಪೆನ್ಸಿಲಿನಲ್ಲಿ '01' ಅಂತ ಇನ್ನೊಂದು ಸಲ ಬರೆದಿದ್ದರು.

252 ರೂಪಾಯಿ ಅಕ್ಕನಿಗೆ ಬಟವಾಡೆಯಲ್ಲೇ ಬಂದಿತ್ತು. ಕೊನೆಯ ಹಾಲನ್ನು ಕರುವಿಗೆ ಬಿಡುತ್ತಿದ್ದ ಅಜ್ಜಿಗೂ ಬಂದಿತ್ತು. ಅಜ್ಜಿಗೆ ಅಂಕಿ ಓದಲು ಬರುವುದಿಲ್ಲ. ಚೀಟಿಯನ್ನು ಮೊಮ್ಮಗಳಿಂದ ಓದಿಸುತ್ತಾರೆ. ಮೊಮ್ಮಗಳು ತಪ್ಪು ಓದಿದರೆ ಹೇಗೋ ಗೊತ್ತಾಗಿಬಿಡುತ್ತದೆ, ಮತ್ತೆ ಓದಿಸುತ್ತಾರೆ!

ನಮ್ಮನ್ನು ಕಂಡ ಕೂಡಲೇ 47ನೇ ನಂಬರಿನ ಅಕ್ಕ ಬಿಸ್ಕತ್ತಿನ ಡಬ್ಬಿ ತಂದರು. "ಬನ್ನಿ ಬನ್ನಿ, ಇನ್ನೊಂದು ಲೆಕ್ಕ ಇದೆ. ಈ ಸಲ ಬಟವಾಡೆಯಲ್ಲಿ ಫೀಡು ಮೂಟೆ ದುಡ್ಡು ಎರಡು ಸಲ ಹಿಡ್ಕೊಂಡಂಗಿದೆ. ನಾನು ತಂದಿದ್ದು ಒಂದೇ ಮೂಟೆ" ಅಂದರು.

ಸೆಕ್ರೆಟರಿ ಈ ಸಲ ಕೋಪ ಮಾಡಿಕೊಳ್ಳಲಿಲ್ಲ. ಬೆಂಚು ಒರೆಸಿದರು. "ಕೂತ್ಕೊಳ್ಳಕ್ಕ, ಮೂಟೆ ಪುಸ್ತಕ ತೆಗೀತೀನಿ" ಅಂದರು.